ಭಕ್ತಪುರಕ್ಕೆ ಹೋಗಿ ಬನ್ನಿ ಅಕ್ಕಾ

ಸ್ವಿಟ್ಜರ್‌ಲೆಂಡ್ ಬೇಡ ಅಂತ ನಾನೆಲ್ಲಿ ಅಂದೆ ಅಕ್ಕಾ? ಮಗ ಪ್ರೀತಿಯಿಂದ ಕರ್ಕೊಂಡು ಹೋಗ್ತೀನಿ ಅಂತಿದಾನೆ, ಹೋಗಿ ಬನ್ನಿ. ಹಿಮ ನೋಡಿ, ಸರೋವರ ನೋಡಿ, ಕಣ್ತುಂಬ ನೋಡ್ಕೊಂಡು ಬನ್ನಿ. ಆದ್ರೆ ಮಂಡಿ ನೋವಿನ ನಿಮ್ಮತ್ತೆಯಿಂದ ಹಿಡಿದು ಆ ಪುಟ್ಟ ಮೊಮ್ಮಗಳ ತನಕ ಮನೆಮಂದಿಯೆಲ್ಲ ಒಟ್ಟಿಗೆ ಹೋಗೋ ಹಾಗಿರೋ ಊರು ಯಾವುದಾದ್ರೂ ಇದ್ರೆ ಹೇಳು ಅಂದ್ರಲ್ಲ, ಅದಕ್ಕೆ ಹೇಳ್ತಿದೀನಿ. ನೇಪಾಳಕ್ಕೆ ಹೋಗಿ. ನೇಪಾಳಕ್ಕೆ ಹೋದ್ರೂ ಕಾಠ್ಮಂಡು ಒಂದನ್ನೇ ನೋಡ್ಕೊಂಡು ವಾಪಸ್ ಬರಬೇಡಿ. ಅದರ ಪಕ್ಕದಲ್ಲೇ ಭಕ್ತಪುರ ಅಂತ ಇದೆ. ಅಲ್ಲಿ ಎರಡು ರಾತ್ರಿಯಾದ್ರೂ ಉಳ್ಕೊಳ್ಳಿ.

ಹಾಲು ಒಲೆ ಮೇಲಿದ್ರೆ ಆರಿಸಿಬಿಟ್ಟು ಬನ್ನಿ. ಇದು ಎರಡು ಮಾತಲ್ಲಿ ಮುಗಿಯೋ ವಿಷಯ ಅಲ್ಲ.

ಮೊದಲು ನಿಮ್ಮ ಹೆದರಿಕೆ ಬಿಡಿಸ್ತೀನಿ. ಫಾರಿನ್ ಅಂದ ಕೂಡ್ಲೆ ವೀಸಾ, ಬ್ಯಾಂಕ್ ಸ್ಟೇಟ್‌ಮೆಂಟ್, ಬೆರಳಚ್ಚು ಅಂತ ತಿಂಗಳುಗಟ್ಟಲೆ ಅಲೀಬೇಕು ಅಂದ್ಕೊಂಡಿದೀರಿ. ನೇಪಾಳಕ್ಕೆ ನಮ್ಮ ದೇಶದವರಿಗೆ ವೀಸಾನೇ ಬೇಡ. ಪಾಸ್‌ಪೋರ್ಟ್ ಇದ್ರೆ ಆಯ್ತು, ಇಲ್ದಿದ್ರೆ ಓಟರ್ ಐಡಿ ಸಾಕು. ನಮ್ಮತ್ತೆ ಹೋಗಿ ಬಂದಿದ್ದು ಅದೇ ಓಟರ್ ಕಾರ್ಡಲ್ಲಿ. ಚುನಾವಣೆ ದಿನ ಬಿಟ್ರೆ ಬೀರುವಿನಿಂದ ಆಚೆಗೇ ಬರದಿದ್ದ ಕಾರ್ಡು ಅದು! ಚಿಕ್ಕ ಮಕ್ಕಳಿಗೆ ಮಾತ್ರ ಯಾವ ದಾಖಲೆ ಬೇಕು ಅಂತ ಟಿಕೆಟ್ ತೆಗೆಯೋಕೆ ಮುಂಚೆ ಕೇಳ್ಕೊಳ್ಳಿ. ದುಡ್ಡಿನ ಲೆಕ್ಕ ಇನ್ನೂ ಸುಲಭ. ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ, 1993ರಿಂದ ಅದೇ ದರ ನಡ್ಕೊಂಡು ಬಂದಿದೆ. ಅವರ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ನಮ್ಮ ಮಾವ ಇದ್ದಷ್ಟು ದಿನವೂ ಕೈಗಡಿಯಾರ ತಿರುಗಿಸಲಿಲ್ಲ. ಊಟ ತಿಂಡಿ ಎಲ್ಲ ಬೆಂಗಳೂರಿನ ಟೈಮಿಗೇ ಆಯ್ತು ಅವರದ್ದು.

ಊರು ಹೇಗಿದೆ ಅಂದ್ರಾ? ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರ. ಕೆಳಗೆ ಹನುಮಂತೆ ಅಂತ ಒಂದು ಸಣ್ಣ ಹೊಳೆ. ಹೊಳೆದಂಡೆಯಿಂದ ದಿಣ್ಣೆ ಹತ್ಕೊಂಡು ಹೋಗುತ್ತೆ ಊರು. ಬೀದಿಗಳೆಲ್ಲ ಇಟ್ಟಿಗೆ ಹಾಸಿದ್ದು, ಮನೆಗಳೂ ಇಟ್ಟಿಗೆಯವೇ, ಮೇಲೆ ಕರೀ ಮರದ ಕೆತ್ತನೆ ಕಿಟಕಿ. ಹಳೇ ಊರಿನ ಒಳಗೆ ವಾಹನಗಳ ಕಾಟ ಕಡಿಮೆ, ಹಾಗಾಗಿ ಮಕ್ಕಳ ಕೈ ಬಿಟ್ಟು ನಡೀಬಹುದು. ಮಾಗಡಿ ರೋಡ್ ದಾಟಬೇಕಾದ್ರೆ ಜೀವ ಕೈಯಲ್ಲಿ ಹಿಡ್ಕೊಳ್ಳೋ ನಮಗೆ ಅದೇ ಎಷ್ಟು ದೊಡ್ಡ ಸುಖ ಗೊತ್ತಾ?

ಆ ಇಟ್ಟಿಗೆ ಬಗ್ಗೆ ಹೇಳ್ಲೇಬೇಕು. ಅಲ್ಲಿನ ಹಳೇ ಅರಮನೆ ಗೋಡೆ ಹತ್ರ ಹೋಗಿ ಕೈಯಾಡಿಸಿ ನೋಡಿದೆ. ಎರಡು ಇಟ್ಟಿಗೆ ಮಧ್ಯೆ ಗಾರೆನೇ ಕಾಣಿಸಲ್ಲ ಅಕ್ಕಾ! ಹೇಗೆ ಅಂದ್ರೆ, ಇಟ್ಟಿಗೆಯ ಮುಂಭಾಗ ಅಗಲ, ಹಿಂದಕ್ಕೆ ಹೋಗ್ತಾ ಸಣ್ಣ. ಒಂದರ ಪಕ್ಕ ಒಂದು ಇಟ್ಟಾಗ ಮುಂದಿನ ಅಂಚುಗಳು ಕೂಡ್ಕೊಳ್ಳುತ್ತವೆ, ಹಿಂದೆ ಉಳಿದ ಸಂದಿಯಲ್ಲಿ ಮಣ್ಣಿನ ಗಾರೆ ಅಡಗಿಕೊಳ್ಳುತ್ತೆ. ಮಳೆ ನೀರಿಗೆ ಗಾರೆ ಸಿಕ್ಕಲ್ಲ. ಮೇಲಿನ ಚಾವಣಿ ಗೋಡೆಯಿಂದ ಎಷ್ಟೋ ಆಚೆಗೆ ಚಾಚಿರುತ್ತೆ, ಅದಕ್ಕೆ ಕೆಳಗಿನಿಂದ ಓರೆಯಾಗಿ ಮರದ ಆಸರೆ ಕೊಟ್ಟಿರ್ತಾರೆ. ಆ ಆಸರೆ ಮರವನ್ನೂ ಖಾಲಿ ಬಿಟ್ಟಿಲ್ಲ, ಒಂದೊಂದರ ಮೇಲೂ ಒಬ್ಬೊಬ್ಬ ದೇವತೆ. ಹಳೇಬೀಡಿನ ಗೋಡೆ ನೋಡಿ ಬೆಳೆದವರು ನಾವು, ಕೆತ್ತನೆ ನಮಗೆ ಹೊಸದಲ್ಲ. ಆದ್ರೆ ಮಳೆಯಿಂದ ಗೋಡೆ ಕಾಯೋ ಒಂದು ಆಸರೆ ಕಂಬಕ್ಕೂ ಅಷ್ಟು ಶ್ರದ್ಧೆ ಇಟ್ಟಿದಾರಲ್ಲ, ಅದು ನನಗೆ ತುಂಬ ಹಿಡಿಸ್ತು.

ನಮ್ಮ ಹಳೇ ಬೆಂಗಳೂರು ಹೇಗಿತ್ತು ಹೇಳಿ. ಬಳೆಯವರಿಗೆ ಬಳೇಪೇಟೆ, ಹತ್ತಿಯವರಿಗೆ ಅರಳೇಪೇಟೆ, ಕುಂಬಾರರಿಗೆ ಕುಂಬಾರಪೇಟೆ. ಭಕ್ತಪುರವೂ ಹಾಗೇ, ಒಂದೊಂದು ಕಸುಬಿಗೆ ಒಂದೊಂದು ಕೇರಿ. ವ್ಯತ್ಯಾಸ ಇಷ್ಟೇ, ನಮ್ಮ ಕುಂಬಾರಪೇಟೆಯಲ್ಲಿ ಈಗ ಹೆಸರು ಮಾತ್ರ ಉಳಿದಿದೆ, ಸಾಲಾಗಿ ಅಂಗಡಿಗಳು. ಅಲ್ಲಿ ಕುಂಬಾರರ ಚೌಕದಲ್ಲಿ ಇವತ್ತಿಗೂ ಚಕ್ರ ತಿರುಗ್ತಾ ಇದೆ. ಬೆಳಿಗ್ಗೆ ಹೋದ್ರೆ ಚೌಕದ ತುಂಬ ಹಸಿ ಮಡಕೆ, ಹಣತೆ, ಹುಂಡಿ ಬಿಸಿಲಿಗೆ ಕೂತಿರುತ್ತವೆ, ಕಾಲಿಡೋಕೆ ಜಾಗ ಇರಲ್ಲ. ಒಬ್ಬ ಅಜ್ಜ ನನ್ನ ಮಗಳನ್ನ ಕೂರಿಸ್ಕೊಂಡು ಅವಳ ಬೆರಳನ್ನ ಮಣ್ಣಿಗೆ ಒತ್ತಿಸಿ ಒಂದು ಪುಟ್ಟ ಬಟ್ಟಲು ಎಬ್ಬಿಸಿಕೊಟ್ರು. ಇವಳಿಗೆ ಅವರ ನೇವಾರಿ ಭಾಷೆ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಕೆಲಸ ಮಾತ್ರ ನಿಲ್ಲಲಿಲ್ಲ.

ಆ ಮಡಕೆಗಳಿಗೆ ಗಿರಾಕಿ ಯಾರು ಅಂತೀರಾ? ಮೊಸರು ಮಾಡೋರು! ಜುಜು ಧೌ ಅಂತ, ಮೊಸರಿನ ರಾಜ ಅಂತಾನೇ ಅದನ್ನ ಕರೆಯೋದು. ಎಮ್ಮೆ ಹಾಲನ್ನ ಚೆನ್ನಾಗಿ ಕಾಯಿಸಿ, ಸಿಹಿ ಹಾಕಿ, ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿ, ಬೆಚ್ಚಗೆ ಮುಚ್ಚಿಡ್ತಾರೆ. ಹೆಚ್ಚಿನ ನೀರನ್ನ ಕುಡಿಕೆನೇ ಹೀರಿಕೊಳ್ಳುತ್ತೆ. ಚಮಚ ಹಾಕಿದ್ರೆ ಗಟ್ಟಿ ಹೋಳಾಗಿ ಬರುತ್ತೆ, ಮೇಲೆ ಕೆನೆ ಹಳದಿ ಬಣ್ಣಕ್ಕೆ ತಿರುಗಿರುತ್ತೆ. ಮೊಸರಿಗೆ ಉಪ್ಪು ಬಿಟ್ಟು ಬೇರೆ ಏನೂ ಹಾಕಬಾರದು ಅನ್ನೋ ನಮ್ಮತ್ತೆ ಎರಡನೇ ಕುಡಿಕೆ ಕೇಳಿದ್ರು ಅಂದ್ರೆ ನೀವೇ ಲೆಕ್ಕ ಹಾಕ್ಕೊಳ್ಳಿ. ಊಟದ ಯೋಚನೆನೂ ಬೇಡ. ಬಾರಾ ಅಂತ ಉದ್ದಿನಬೇಳೆ ರುಬ್ಬಿ ಹೆಂಚಿನ ಮೇಲೆ ದಪ್ಪಗೆ ಹಾಕ್ತಾರೆ, ಚಟಾಮರಿ ಅಂತ ಅಕ್ಕಿಹಿಟ್ಟಿನದ್ದು ಮಾಡ್ತಾರೆ. ಮಾಂಸ, ಮೊಟ್ಟೆ ಬೇಡ ಅಂತ ಮೊದಲೇ ಹೇಳಿದ್ರೆ ಬರೀ ಬೇಳೆಯದ್ದೇ ಮಾಡಿಕೊಡ್ತಾರೆ.

ಅಲ್ಲಿನ ಹೆಂಗಸರ ಸೀರೆ ನೋಡ್ಬೇಕು ನೀವು. ಹಾಕು ಪಟಾಸಿ ಅಂತ, ಕರೀ ಸೀರೆ, ಕೆಂಪು ಅಂಚು. ನಿಮ್ಮತ್ತೆ ಪೆಟ್ಟಿಗೆಯಲ್ಲಿ ಇಟ್ಕೊಂಡಿದಾರಲ್ಲ ಚಂದ್ರಕಾಳಿ ಸೀರೆ, ಅದರ ಜೊತೆಗಿಟ್ರೆ ಅಕ್ಕತಂಗಿಯರು. ವಯಸ್ಸಾದೋರು ದಿನಾ ಉಡ್ತಾರೆ, ವಯಸ್ಸಿನ ಹುಡುಗಿಯರು ಹಬ್ಬಕ್ಕೆ ಉಡ್ತಾರೆ. ಅದನ್ನ ಉಟ್ಕೊಂಡೇ ಚೌಕದಲ್ಲಿ ಭತ್ತ ಹರವಿ ಕಾಲಲ್ಲಿ ಗೆರೆ ಎಳೀತಾ ಒಣಗಿಸ್ತಾರೆ, ಪಕ್ಕದಲ್ಲೇ ಪ್ರವಾಸಿಗಳು ಫೋಟೋ ತೆಗೀತಿದ್ರೂ ಅವರ ಪಾಡಿಗೆ ಅವರು.

ಈಗ ನ್ಯಾತಪೋಲ ಗುಡಿ. ಇದನ್ನ ಹೇಳೋಕೇ ನಿಮ್ಮನ್ನ ನಿಲ್ಲಿಸ್ಕೊಂಡಿದ್ದು. ಐದು ಜಗತಿ, ಅದರ ಮೇಲೆ ಐದು ಚಾವಣಿ, ಎತ್ತರ ಸುಮಾರು 30 ಮೀಟರ್. ಭೂಪತೀಂದ್ರ ಮಲ್ಲ ಅನ್ನೋ ರಾಜ 1702ರಲ್ಲಿ ಕಟ್ಟಿಸಿದ್ದು. ರಾಜನೇ ಮೊದಲು ಮೂರು ಇಟ್ಟಿಗೆ ಹೊತ್ನಂತೆ, ಅದನ್ನ ನೋಡಿ ಊರಿನವರೆಲ್ಲ ಇಟ್ಟಿಗೆ ತಂದು ಸುರಿದ್ರಂತೆ, ಹಾಗಂತ ಅಲ್ಲಿಯವರು ಕಥೆ ಹೇಳ್ತಾರೆ. ಒಳಗಿರೋ ದೇವಿ ಸಿದ್ಧಿಲಕ್ಷ್ಮಿ. ಅರ್ಚಕರು ಬಿಟ್ಟು ಬೇರೆಯವರು ಒಳಗೆ ಹೋಗೋ ಹಾಗಿಲ್ಲ. ಮೆಟ್ಟಿಲಿನ ಎರಡೂ ಕಡೆ ಕಾವಲಿಗೆ ಜೋಡಿ ವಿಗ್ರಹಗಳು. ಎಲ್ಲಕ್ಕಿಂತ ಕೆಳಗೆ ಇಬ್ಬರು ಜಟ್ಟಿಗಳು, ಸಾಮಾನ್ಯ ಮನುಷ್ಯನಿಗಿಂತ ಹತ್ತು ಪಟ್ಟು ಬಲ ಅವರಿಗೆ. ಅವರ ಹತ್ತು ಪಟ್ಟು ಬಲ ಅದರ ಮೇಲಿನ ಆನೆಗೆ. ಆನೆಯ ಹತ್ತು ಪಟ್ಟು ಸಿಂಹಕ್ಕೆ, ಸಿಂಹದ ಹತ್ತು ಪಟ್ಟು ಶಾರ್ದೂಲಕ್ಕೆ, ಅದರ ಹತ್ತು ಪಟ್ಟು ಮೇಲಿರೋ ವ್ಯಾಘ್ರಿಣಿ, ಸಿಂಹಿಣಿ ದೇವತೆಗಳಿಗೆ. ಇವರೆಲ್ಲರಿಗಿಂತ ಬಲ ಒಳಗಿರೋ ತಾಯಿಗೆ.

ಮೆಟ್ಟಿಲು ಕಡಿದು. ನಮ್ಮತ್ತೆ ಕೆಳಗೇ ಕೂತ್ಕೊತಾರೆ ಅಂದ್ಕೊಂಡಿದ್ವಿ. ಜಟ್ಟಿಗಳ ಹತ್ರ ಒಂದು ಸಲ ಕೂತು ಸುಧಾರಿಸ್ಕೊಂಡ್ರು. ಆನೆ ಹತ್ರ ಇನ್ನೊಂದು ಸಲ. ಮಗ ಕೈ ಹಿಡ್ಕೊಂಡು ‘ಅಜ್ಜಿ, ಈಗ ನಿಮಗೆ ನೂರು ಮನುಷ್ಯರ ಬಲ ಬಂತು, ಇನ್ನೊಂದು ಹತ್ತಿದ್ರೆ ಸಾವಿರ’ ಅಂತ ಲೆಕ್ಕ ಹೇಳ್ತಾ ಹೇಳ್ತಾ ಹತ್ತಿಸ್ದ. ಮೇಲೆ ಹೋಗಿ ಮುಚ್ಚಿದ ಬಾಗಿಲಿಗೆ ಕೈ ಮುಗಿದು, ಹಿಂದಕ್ಕೆ ತಿರುಗಿ ಊರಿನ ಹೆಂಚುಗಳನ್ನ ನೋಡ್ತಾ ತುಂಬಾ ಹೊತ್ತು ಕೂತ್ರು. ನಾವು ಯಾರೂ ಅವಸರ ಮಾಡ್ಲಿಲ್ಲ.

ಆ ಗುಡಿ 1934ರ ಜನವರಿಯ ಮಹಾ ಭೂಕಂಪ ತಡ್ಕೊಂಡಿದೆ, 2015ರ ಏಪ್ರಿಲ್ 25ರದ್ದನ್ನೂ ತಡ್ಕೊಂಡಿದೆ. 2015ರದ್ದು 7.8 ತೀವ್ರತೆ. ನೇಪಾಳದಲ್ಲಿ ಒಟ್ಟು ಸುಮಾರು ಒಂಬತ್ತು ಸಾವಿರ ಜನ ಹೋದ್ರು. ಭಕ್ತಪುರದಲ್ಲೂ ಮನೆಗಳು ಸಾಲಾಗಿ ಬಿದ್ದವು, ಅರಮನೆ ಮುಂದಿದ್ದ ವತ್ಸಲಾ ಗುಡಿ ಪೂರ್ತಿ ನೆಲಸಮ ಆಯ್ತು. ನ್ಯಾತಪೋಲ ನಿಂತೇ ಇತ್ತು. ತಾಯಿ ಕಾಪಾಡಿದಳು ಅಂತಾರೆ ಊರಿನವರು. ಕಟ್ಟಿದವರ ಜಾಣತನವೂ ಇದೆ ಅಕ್ಕಾ. ಜಗತಿ ಅಗಲ, ಮೇಲೆ ಹೋಗ್ತಾ ಹೋಗ್ತಾ ಕಿರಿದು, ಇಟ್ಟಿಗೆ ಗೋಡೆಯನ್ನ ಹಿಡಿದಿಟ್ಟಿರೋದು ಮರದ ಚೌಕಟ್ಟು.

ಆಮೇಲೆ ಅವರು ಏನು ಮಾಡಿದ್ರು ಅನ್ನೋದು ಮುಖ್ಯ. ಬಿದ್ದ ಗುಡಿಯ ಕಲ್ಲುಗಳನ್ನ ಆರಿಸಿ ಎತ್ತಿಟ್ಟು, ಓಣಿಯವರದ್ದೇ ಸಮಿತಿ ಮಾಡ್ಕೊಂಡು, ಅದೇ ಊರಿನ ಕಲ್ಲುಕುಟಿಗರು, ಬಡಗಿಗಳ ಕೈಲಿ ವತ್ಸಲಾ ಗುಡಿಯನ್ನ ಮತ್ತೆ ಎಬ್ಬಿಸಿದ್ರು. ನಾನು ಅದರ ಮುಂದೆ ನಿಂತು ನೋಡಿದೆ, ಹಳೇ ಕಲ್ಲು ಯಾವುದು ಹೊಸಾ ಕಲ್ಲು ಯಾವುದು ಬಣ್ಣದಲ್ಲೇ ಗೊತ್ತಾಗುತ್ತೆ. ಕೆತ್ತೋಕೆ ಬರೋ ಕೈಗಳು ಊರಲ್ಲೇ ಉಳಿದಿದ್ವು, ಅದಕ್ಕೇ ಅದು ಸಾಧ್ಯ ಆಯ್ತು.

ಏನಂದ್ರಿ, ನಮ್ಮ ಕಡೆಯವರಿಗೂ ಆ ಊರಿಗೂ ಏನು ಸಂಬಂಧ ಅಂತಾನಾ? ಒಳ್ಳೇದು ಕೇಳಿದ್ರಿ. ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, 1097ರಲ್ಲಿ, ನಾನ್ಯದೇವ ಅನ್ನೋನು ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ಇವತ್ತಿನ ಬಿಹಾರ, ನೇಪಾಳದ ಗಡಿಯಲ್ಲಿರೋ ಸಿಮ್ರೌನ್‌ಗಢ ಅವನ ರಾಜಧಾನಿ. ಕರ್ಣಾಟ ಕುಲದವನು ಅಂತ ಹೇಳ್ಕೊಂಡವನು. ಚಾಲುಕ್ಯರ ದಂಡಿನ ಜೊತೆ ಉತ್ತರಕ್ಕೆ ಹೋದವರ ಪೈಕಿ ಇರಬೇಕು ಅಂತ ಇತಿಹಾಸ ಬಲ್ಲವರು ಹೇಳ್ತಾರೆ. ಬರೀ ಕತ್ತಿ ಹಿಡಿದವನಲ್ಲ, ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದವನು. ಅವನ ವಂಶ ಇನ್ನೂರು ವರ್ಷಕ್ಕೂ ಹೆಚ್ಚು ಆಳ್ತು. 1324ರಲ್ಲಿ ದೆಹಲಿಯ ಘಿಯಾಸುದ್ದೀನ್ ತುಘಲಕ್ ದಂಡೆತ್ತಿ ಬಂದಾಗ ಕೊನೆಯ ದೊರೆ ಹರಿಸಿಂಹದೇವ ಬೆಟ್ಟದ ಕಡೆ ಓಡಿದ, ದಾರಿಯಲ್ಲೇ ತೀರ್ಕೊಂಡ. ಅವನ ರಾಣಿ ದೇವಲದೇವಿ ಮಗನನ್ನ ಕಟ್ಕೊಂಡು ಬಂದು ಸೇರಿದ್ದು ಇದೇ ಭಕ್ತಪುರಕ್ಕೆ!

ಗಂಡ ಇಲ್ಲ, ರಾಜ್ಯ ಇಲ್ಲ, ಪರ ಊರು. ಅಂಥಾದ್ರಲ್ಲಿ ಆ ಹೆಂಗಸು ಅಲ್ಲಿ ನೆಲೆ ನಿಂತು, ಮೊಮ್ಮಗಳು ರಾಜಲ್ಲದೇವಿಯನ್ನ ಬೆಳೆಸಿ ದೊಡ್ಡವಳನ್ನ ಮಾಡಿದ್ಲು. ಆ ಮೊಮ್ಮಗಳನ್ನ ಮದುವೆಯಾದವನೇ ಜಯಸ್ಥಿತಿ ಮಲ್ಲ, ನೇಪಾಳದ ಇತಿಹಾಸದಲ್ಲಿ ದೊಡ್ಡ ಹೆಸರು. ಅರಮನೆಯ ಚಿನ್ನದ ಬಾಗಿಲ ಒಳಗೆ ಪೂಜೆಯಾಗೋ ತಲೇಜು ದೇವಿಯನ್ನ ತಂದದ್ದೂ ಹರಿಸಿಂಹದೇವನ ಮನೆತನದವರೇ ಅಂತ ಐತಿಹ್ಯ. ಮುಂದೆ ಬಂದ ಮಲ್ಲ ದೊರೆಗಳು, ಕಾಠ್ಮಂಡುವಿನ ಪ್ರತಾಪ ಮಲ್ಲನಂಥವರು, ನಾವು ನಾನ್ಯದೇವನ ವಂಶದವರು ಅಂತ ಶಾಸನದಲ್ಲೇ ಬರೆಸಿಕೊಂಡ್ರು. ಇನ್ನೂರು ವರ್ಷದ ಹೊತ್ತಿಗೆ ಆ ಮನೆಯವರು ಮಿಥಿಲೆಯವರೇ ಆಗಿಹೋಗಿದ್ರು, ಮನೆಯಲ್ಲಿ ಕನ್ನಡ ಮಾತಾಡ್ತಿದ್ರು ಅಂತ ನಾನು ಹೇಳ್ತಿಲ್ಲ. ಆದ್ರೂ ಕರ್ಣಾಟ ಅನ್ನೋ ಕುಲದ ಹೆಸರನ್ನ ಅಷ್ಟು ದೂರ, ಅಷ್ಟು ಕಾಲ ಕಾಪಾಡ್ಕೊಂಡಿದ್ರಲ್ಲ ಅಕ್ಕಾ. ಆ ಚಿನ್ನದ ಬಾಗಿಲ ಮುಂದೆ ನಿಂತಾಗ ನನಗೆ ದೇವಲದೇವಿಯದ್ದೇ ಯೋಚನೆ. ನಮ್ಮ ಶಾಲೆ ಪುಸ್ತಕದಲ್ಲಿ ಅವಳಿಗೆ ಒಂದು ಸಾಲು ಜಾಗ ಕೊಡಬೇಕಿತ್ತು.

ಕಾಠ್ಮಂಡುವಿನಲ್ಲಿ ಪಶುಪತಿನಾಥನ ದರ್ಶನ ಹೇಗೂ ಮಾಡ್ತೀರಿ. ಅಲ್ಲಿ ಲಿಂಗ ಮುಟ್ಟಿ ಪೂಜೆ ಮಾಡೋ ಭಟ್ಟರು ದಕ್ಷಿಣದವರು, ನಮ್ಮ ಕರ್ನಾಟಕದಿಂದಲೇ ಹೋಗಿರೋರು. 2009ರ ಆಸುಪಾಸಲ್ಲಿ ಅದನ್ನ ಬದಲಾಯಿಸಬೇಕು ಅಂತ ಗಲಾಟೆ ಆಗಿ, ಕೊನೆಗೆ ಹಳೇ ಪದ್ಧತಿಯೇ ಉಳೀತು. ಮುಂಜಾನೆ ಬೇಗ ಹೋಗಿ, ಜನ ಕಡಿಮೆ ಇರುತ್ತೆ.

ಭಕ್ತಪುರದಿಂದ ಉತ್ತರಕ್ಕೆ ಒಂದು ಗುಡ್ಡ, ಅದರ ತುದಿಯಲ್ಲಿ ಚಾಂಗು ನಾರಾಯಣ ಗುಡಿ. ಟ್ಯಾಕ್ಸಿ ಮಾಡ್ಕೊಂಡು ಅರ್ಧ ದಿನದಲ್ಲಿ ಹೋಗಿ ಬರಬಹುದು. ಅಲ್ಲಿ ಕಲ್ಲಿನ ತ್ರಿವಿಕ್ರಮನನ್ನ ನೋಡಿ ನನ್ನ ಮಗ ‘ಅಮ್ಮಾ, ಬಾದಾಮಿಲಿ ನೋಡಿದ್ವಲ್ಲ ಇವನನ್ನ’ ಅಂದ. ಬಾದಾಮಿಯ ಮೂರನೇ ಗುಹೆ 578ರದ್ದು. ಎಲ್ಲಿಯ ಬಾದಾಮಿ, ಎಲ್ಲಿಯ ನೇಪಾಳ, ಆಕಾಶಕ್ಕೆ ಎತ್ತಿದ ಕಾಲು ಅದೇ! ಗರುಡನ ಮೇಲೆ ಕೂತ ವಿಷ್ಣು ಕೂಡ ಅಲ್ಲಿದಾನೆ. ನೇಪಾಳದ ಹತ್ತು ರೂಪಾಯಿ ನೋಟಿನ ಮೇಲಿರೋ ಚಿತ್ರ ಅದೇ, ಮಕ್ಕಳಿಗೆ ನೋಟು ಕೊಟ್ಟು ಹುಡುಕಿಸಿ.

ಆ ಗುಡಿ ಅಂಗಳದಲ್ಲಿ ಒಂದು ಕಂಬದ ಶಾಸನ ಇದೆ, 464ನೇ ಇಸವಿಯದ್ದು, ಲಿಚ್ಛವಿ ದೊರೆ ಮಾನದೇವನದ್ದು. ನಮ್ಮ ಹಲ್ಮಿಡಿ ಶಾಸನ ಸುಮಾರು 450ರದ್ದು ಅಂತಾರಲ್ಲ, ಹೆಚ್ಚುಕಡಿಮೆ ಅದೇ ಕಾಲ. ಅದರಲ್ಲಿರೋ ಸಂಗತಿ ಕೇಳಿ. ಮಾನದೇವನ ತಂದೆ ಧರ್ಮದೇವ ತೀರ್ಕೊಂಡಾಗ ತಾಯಿ ರಾಜ್ಯವತಿ ಸಹಗಮನಕ್ಕೆ ಹೊರಟು ನಿಂತಳು. ಮಗ ಬಂದು ತಾಯಿ ಕಾಲು ಹಿಡ್ಕೊಂಡ. ನೀನಿಲ್ಲದೆ ನನಗೆ ಯಾವ ಸುಖ, ನೀನು ಹೋಗೋದಾದ್ರೆ ನಿನಗಿಂತ ಮೊದಲು ನಾನೇ ಪ್ರಾಣ ಬಿಡ್ತೀನಿ ಅಂತ ಅತ್ತ. ಮಗನ ಮಾತಿಗೆ ಕರಗಿ ಅವಳು ಉಳಿದಳು. ಆಮೇಲೆ ಅವನು ದಂಡೆತ್ತಿ ಹೋದ, ಗೆದ್ದ, ಅದೆಲ್ಲ ಎಲ್ಲ ರಾಜರೂ ಬರೆಸೋದೇ. ಆದ್ರೆ ತಾಯಿಯನ್ನ ಚಿತೆಗೆ ಹೋಗದ ಹಾಗೆ ತಡೆದೆ ಅನ್ನೋದನ್ನ ಗೆಲುವಿನ ಮಾತಿಗಿಂತ ಮುಂಚೆ ಕಲ್ಲಲ್ಲಿ ಕೆತ್ತಿಸಿದ ಮಗ ಎಷ್ಟು ಜನ ಇದಾರೆ ಹೇಳಿ? ನಮ್ಮ ಯಜಮಾನ್ರು ಇದನ್ನ ಅವರಮ್ಮನಿಗೆ ನಿಧಾನವಾಗಿ ಬಿಡಿಸಿ ಹೇಳಿದ್ರು. ಅತ್ತೆ ಕಂಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ್ರು.

ಅಲ್ಲಿಂದ ಬಂದ ಮೇಲೆ ನಮ್ಮ ಬಿನ್ನಿಪೇಟೆನ ಬೇರೆ ಥರ ನೋಡೋ ಹಾಗಾಗಿದೆ ನನಗೆ. ನಿಮ್ಮ ಮಾವನವರು ದುಡಿದ ಮಿಲ್ಲು 1884ರಲ್ಲಿ ಶುರುವಾಗಿದ್ದು. ಬಿನ್ನಿ ಕಂಪನಿ ಹೆಸರೇ ಈ ಪೇಟೆಗೆ ನಿಂತಿದ್ದು. ಇವತ್ತು ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲು. ನನ್ನ ಮಕ್ಕಳು ಅಲ್ಲಿಗೆ ಸಿನಿಮಾಕ್ಕೆ ಹೋಗ್ತಾರೆ, ಇಲ್ಲಿ ಸಾವಿರಾರು ಜನ ಮಗ್ಗದ ಮುಂದೆ ನಿಂತಿದ್ರು ಅನ್ನೋದು ಅವರಿಗೆ ತಿಳಿಯೋದು ಹೇಗೆ? ಹಾಗಂತ ನಮ್ಮದು ಎಲ್ಲಾ ಹೋಯ್ತು ಅಂತ ಕೂರೋ ಹಾಗೂ ಇಲ್ಲ. ಭಕ್ತಪುರದಲ್ಲಿ ಏಪ್ರಿಲ್‌ನಲ್ಲಿ ಬಿಸ್ಕೆಟ್ ಜಾತ್ರೆ ನಡೆಯುತ್ತೆ, ಭೈರವನ ತೇರಿಗೆ ಹಗ್ಗ ಕಟ್ಟಿ ಮೇಲಿನ ಕೇರಿಯವರು ಒಂದು ಕಡೆ, ಕೆಳಗಿನ ಕೇರಿಯವರು ಒಂದು ಕಡೆ ಎಳೀತಾರೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಚೈತ್ರ ಪೌರ್ಣಮಿಗೆ ನಮ್ಮ ಕರಗ ತಿಗಳರಪೇಟೆಯಿಂದ ಹೊರಟು ಇಲ್ಲೇ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಹೋಗುತ್ತೆ. ಅದನ್ನ ನೋಡೋಕೂ ದೂರದೂರದಿಂದ ಜನ ಬರ್ತಾರೆ. ಮನೆಯಿಂದ ನಡ್ಕೊಂಡು ಹೋಗೋಷ್ಟು ದೂರ, ಈ ಸಲ ಮಕ್ಕಳನ್ನ ಕಟ್ಕೊಂಡು ಹೋಗಿ ಪೂರ್ತಿ ನೋಡ್ಬೇಕು ಅಂತ ತೀರ್ಮಾನ ಮಾಡಿದೀನಿ.

ನಿಮ್ಮ ಹತ್ರ ಒಂದು ಕೇಳ್ಕೋತೀನಿ ಅಕ್ಕಾ. ನಿಮ್ಮತ್ತೆಗೆ ಮಿಲ್ಲಿನ ಶಿಫ್ಟು, ಬಟವಾಡೆ ದಿನ, ಕಂಬಳಿ ಎಲ್ಲ ನೆನಪಿದೆ. ಒಂದು ಮಧ್ಯಾಹ್ನ ಮೊಮ್ಮಗಳನ್ನ ಪಕ್ಕಕ್ಕೆ ಕೂರಿಸಿ, ಫೋನಲ್ಲಿ ರೆಕಾರ್ಡ್ ಹಾಕಿ, ಅವರ ಬಾಯಿಂದಲೇ ಹೇಳಿಸಿ. ನಾನೂ ಬಂದು ಕೂತ್ಕೋತೀನಿ. ಬಿಸಿಲು ಕಾಲಕ್ಕೆ ಮುಂದೆ ಹಾಕೋದು ಬೇಡ.

ಪ್ರವಾಸಕ್ಕೆ ದೀಪಾವಳಿ ರಜೆನೇ ಸರಿ. ಅಕ್ಟೋಬರ್, ನವೆಂಬರ್‌ನಲ್ಲಿ ಮಳೆ ನಿಂತು ಆಕಾಶ ತಿಳಿಯಾಗಿರುತ್ತೆ, ಹತ್ತಿರದ ನಗರಕೋಟ್ ಗುಡ್ಡಕ್ಕೆ ಹೋದ್ರೆ ಹಿಮಾಲಯ ಕಾಣುತ್ತೆ. ಅಲ್ಲೂ ಆಗ ತಿಹಾರ್ ಹಬ್ಬ, ಕಿಟಕಿ ಕಿಟಕಿಗೂ ಹಣತೆ, ಒಂದು ದಿನ ಬೀದಿ ನಾಯಿಗೂ ಹಾರ ಹಾಕಿ ಕುಂಕುಮ ಇಟ್ಟು ಪೂಜೆ ಮಾಡ್ತಾರೆ. ನಿಮ್ಮ ಮೊಮ್ಮಗಳಿಗೆ ಹಬ್ಬವೋ ಹಬ್ಬ. ಸ್ವೆಟರ್ ತಗೊಳ್ಳಿ, ಅತ್ತೆಗೆ ಮೆತ್ತನೆ ಶೂ ತಗೊಳ್ಳಿ, ರೂಮು ಹಳೇ ಊರಿನ ಒಳಗೇ ಸಿಗೋ ಹಾಗೆ ನೋಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಮಗನ ಹತ್ರ ಮಾತೆತ್ತಿ, ರಜೆ ಹತ್ತಿರ ಬಂದಷ್ಟೂ ಟಿಕೆಟ್ ದುಬಾರಿ.